ವಾಕ್ಯ ಮುಗಿಯುವ ಮೊದಲು

ಗಂಟಲಿನ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ನನ್ನ ಗಂಡ ಮಾತಾಡುತ್ತಿದ್ದುದು ಒಂದು ಹಳೆಯ ಕಂಪ್ಯೂಟರಿನಲ್ಲಿ. ಬಟವಾಡಿಯ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ, ಕಿಟಕಿಯ ಪಕ್ಕದ ಮಡಚುವ ಟೇಬಲ್ಲಿನ ಮೇಲೆ ಅದು ಕೂತಿತ್ತು. ಅವರು ದೊಡ್ಡ ದೊಡ್ಡ ಅಕ್ಷರಗಳಲ್ಲಿ ಟೈಪ್ ಮಾಡುತ್ತಿದ್ದರು. ನಾನು ಹೊಲಿಗೆ ಯಂತ್ರದ ಮುಂದೆ ಕೂತಲ್ಲಿಂದಲೇ ಕತ್ತೆತ್ತಿ ಓದಿ ಬಾಯಲ್ಲಿ ಉತ್ತರ ಕೊಡುತ್ತಿದ್ದೆ. ರವಿಕೆ ಹೊಲಿಸಲು ಬಂದ ಹೆಂಗಸರಿಗೆ ಬಾಗಿಲ ಹೊರಗಿನಿಂದ ನನ್ನ ದನಿ ಮಾತ್ರ ಕೇಳುತ್ತಿತ್ತು. ಇವಳು ಯಾರ ಜೊತೆ ಜಗಳವಾಡುತ್ತಿದ್ದಾಳೆ ಎಂದು ಕೆಲವರು ಇಣುಕಿ ನೋಡುತ್ತಿದ್ದರು.

ಆ ಕಂಪ್ಯೂಟರು ಮೊದಲು ಗುಬ್ಬಿಯಲ್ಲಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಇವರದೊಂದು ಡಿ.ಟಿ.ಪಿ. ಅಂಗಡಿ. ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿ, ಸತ್ತವರ ಶಿವಗಣಾರಾಧನೆಯ ಪತ್ರಿಕೆ ಎಲ್ಲವನ್ನೂ ಮಾಡಿಕೊಡುತ್ತಿದ್ದರು. ಗಿರಾಕಿ ಹೇಳುವ ವೇಗಕ್ಕೆ ಕೀಬೋರ್ಡ್ ನೋಡದೆ ಟೈಪ್ ಮಾಡುವುದು ಅವರ ಹೆಮ್ಮೆ. ಬಟವಾಡಿಯಿಂದ ಬೆಳಿಗ್ಗೆ ಬಸ್ಸಿನಲ್ಲಿ ಹೋದರೆ ಬರುವುದು ಸಂಜೆಗೆ. ದಿನವಿಡೀ ಗಿರಾಕಿಗಳ ಜೊತೆ ಮಾತಾಡಿ ಬಂದವರು ಮನೆಯಲ್ಲೂ ಮಾತು ನಿಲ್ಲಿಸುತ್ತಿರಲಿಲ್ಲ. ದನಿ ಒಡೆಯತೊಡಗಿದಾಗ ಅದಕ್ಕೇ ನಾವು ಗಾಬರಿಯಾಗಲಿಲ್ಲ. ಮಾತು ಜಾಸ್ತಿಯಾಗಿ ಗಂಟಲು ಕೆಟ್ಟಿದೆ ಅಂದುಕೊಂಡೆವು. ತೋರಿಸಿದ ಡಾಕ್ಟರೂ ಧೂಳಿನ ಅಲರ್ಜಿ ಎಂದು ಸಿರಪ್ ಬರೆದುಕೊಟ್ಟರು. ಆ ಸಿರಪ್ ಕುಡಿಯುತ್ತಾ ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು. ಕೊನೆಗೆ ನೀರು ನುಂಗಲು ಕಷ್ಟವಾದಾಗ ಬೆಂಗಳೂರಿಗೆ ಹೋದೆವು. ಅಲ್ಲಿ ನೋಡಿದ ದಿನವೇ ಹೇಳಿಬಿಟ್ಟರು.

ಆಪರೇಷನ್ ಆದ ಮೇಲೆ ಅವರ ಉಸಿರಾಟ ಕತ್ತಿನ ಬುಡದ ಒಂದು ರಂಧ್ರದಿಂದ. ಅದರ ಮೇಲೆ ನಾನೇ ಹೊಲಿದ ತೆಳು ಬಟ್ಟೆಯೊಂದನ್ನು ಕಟ್ಟಿಕೊಳ್ಳುತ್ತಿದ್ದರು. ಬಲ ಭುಜ ಇಳಿದುಹೋಗಿ ಆ ಕೈಯಲ್ಲಿ ಪೆನ್ನು ಹಿಡಿದರೆ ಅಕ್ಷರ ಹರಡಿಕೊಳ್ಳುತ್ತಿತ್ತು. ಗಂಟಲಿಗೆ ಒತ್ತಿಕೊಂಡು ಮಾತಾಡುವ ಒಂದು ಸಾಧನವನ್ನೂ ಆಸ್ಪತ್ರೆಯಲ್ಲಿ ತೋರಿಸಿದರು. ರೇಡಿಯೇಷನ್ನಿನಿಂದ ಕತ್ತು ಹಲಗೆಯಂತಾಗಿದ್ದರಿಂದ ಅದರಲ್ಲಿ ಗುಂಯ್ ಎನ್ನುವ ಶಬ್ದ ಬರುತ್ತಿತ್ತೇ ಹೊರತು ಮಾತು ಬರುತ್ತಿರಲಿಲ್ಲ. ಮೊಬೈಲಿನಲ್ಲಿ ಟೈಪ್ ಮಾಡಿ ಅಂದರೆ ಕೇಳಲಿಲ್ಲ. ಆ ಸಣ್ಣ ಗಾಜಿನ ಮೇಲೆ ಅಕ್ಷರ ಹುಡುಕುವಷ್ಟರಲ್ಲಿ ಮಾತು ಹಳಸಿಹೋಗುತ್ತದೆ ಎಂದು ಆ ಹರಡಿದ ಅಕ್ಷರದಲ್ಲೇ ಬರೆದು ತೋರಿಸಿದರು. ಅಂಗಡಿಯ ಬಾಗಿಲು ಹಾಕಿ ಕಂಪ್ಯೂಟರನ್ನು ಮನೆಗೆ ತಂದೆವು. ಮೊಣಕೈಯನ್ನು ಟೇಬಲ್ಲಿಗೆ ಊರಿಕೊಂಡರೆ ಅವರ ಬೆರಳುಗಳು ಮೊದಲಿನ ಹಾಗೇ ಓಡುತ್ತಿದ್ದವು. ಬಾಯಿ ಹೋದ ಮೇಲೆ ಉಳಿದ ಬಾಯಿ ಅದೊಂದೇ.

ಅದು ಮೊದಲ ಸಲ ತಾನಾಗಿಯೇ ಆಫ್ ಆಗಿ ಆನ್ ಆದಾಗ ಅವರು ಸಾರಿನ ಬಗ್ಗೆ ಏನೋ ಹೇಳುತ್ತಿದ್ದರು. ಸ್ಕ್ರೀನ್ ಕಪ್ಪಾಯಿತು. ಒಳಗಿನ ಫ್ಯಾನು ಒಂದು ಸಲ ನಿಟ್ಟುಸಿರು ಬಿಟ್ಟಂತೆ ಮಾಡಿ ಮತ್ತೆ ಶುರುವಾಯಿತು. ಹಳೆಯ ಯಂತ್ರ, ಪೂರ್ತಿ ಎದ್ದು ಕೂರುವಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕುತ್ತಿತ್ತು. ಕರೆಂಟು ಏನೋ ಮಾಡಿದೆ ಅಂದುಕೊಂಡು ಸುಮ್ಮನಾದೆವು. ಮಾರನೆಯ ದಿನ ಮತ್ತೆ ಹಾಗಾಯಿತು. ಆ ವಾರದಲ್ಲಿ ಅದು ಚಾಳಿಯೇ ಆಗಿಹೋಯಿತು.

ಅವರು ಮೊದಲು ಯುಪಿಎಸ್ಸಿನ ಮೇಲೆ ಅನುಮಾನಪಟ್ಟರು. ಅದನ್ನು ತೆಗೆದು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿದೆವು. ಉಪಯೋಗವಾಗಲಿಲ್ಲ. ಆಮೇಲೆ ಅನುಮಾನ ನನ್ನ ಹೊಲಿಗೆ ಯಂತ್ರದ ಕಡೆ ತಿರುಗಿತು. ನಾನು ಹೊಲಿಯುವಾಗ ಎರಡು ಸಲ ಹೀಗಾಗಿತ್ತು. ನಿನ್ನ ಮೋಟಾರು ಕರೆಂಟು ಎಳೆದುಕೊಳ್ಳುತ್ತಿದೆ ಎಂದು ಟೈಪ್ ಮಾಡಿ ತೋರಿಸಿದರು. ನಾನು ಮೋಟಾರು ಬಿಚ್ಚಿಟ್ಟು ಬೆಲ್ಟು ಹಾಕಿ ಕಾಲಿನಲ್ಲಿ ತುಳಿಯತೊಡಗಿದೆ. ಸಂಜೆಗೆ ಮೊಣಕಾಲು ಕಳಚಿ ಬೀಳುವಂತಾಗುತ್ತಿತ್ತು. ಆದರೂ ಕಂಪ್ಯೂಟರು ಆಫ್ ಆಗುವುದು ನಿಲ್ಲಲಿಲ್ಲ.

ಕಂಪ್ಯೂಟರಿನ ಡಬ್ಬ ಬಿಚ್ಚಿ ಒಳಗೆ ನೋಡಬೇಕು ಅಂದರು. ಸ್ಕ್ರೂ ತಿರುಗಿಸುವ ಶಕ್ತಿ ಅವರ ಬಲಗೈಯಲ್ಲಿ ಇರಲಿಲ್ಲ. ನಾನು ಬಿಚ್ಚಿದೆ, ಅವರು ಎಡಗೈ ಬೆರಳಿನಿಂದ ತೋರಿಸುತ್ತಾ ಹೋದರು. ಒಳಗೆ ಗುಬ್ಬಿಯ ಧೂಳು ಕಂಬಳಿಯ ಹಾಗೆ ಹಾಸಿಕೊಂಡಿತ್ತು. ಅವರು ಅಭ್ಯಾಸಬಲದಿಂದ ಬಗ್ಗಿ, ತುಟಿ ಚೂಪು ಮಾಡಿ ಊದಲು ಹೋದರು. ಬಾಯಿಂದ ಗಾಳಿ ಬರಲಿಲ್ಲ. ಕತ್ತಿನ ಬಟ್ಟೆ ಮಾತ್ರ ಪಟಪಟನೆ ಹಾರಿತು. ತುಟಿಯನ್ನು ಹಾಗೇ ಇಟ್ಟುಕೊಂಡು ಒಂದು ಗಳಿಗೆ ನಿಂತರು. ಧೂಳು ಆ ರಂಧ್ರಕ್ಕೆ ಹೋದರೆ ಅಪಾಯ ಎಂದು ಆಸ್ಪತ್ರೆಯಲ್ಲಿ ಹೇಳಿದ್ದು ನೆನಪಾಗಿ ನಾನು, "ನೀವು ಆಚೆ ಹೋಗ್ರೀ, ನಾನು ಊದ್ತೀನಿ" ಅಂದೆ. ಅವರು ಹೋಗಿ ಬಾಗಿಲ ಹೊರಗೆ ನಿಂತು, ಬೆನ್ನು ಹಾಕಿ, ರಸ್ತೆ ನೋಡುತ್ತಿದ್ದರು.

ಧೂಳು ತೆಗೆದ ಮೇಲೆ ಒಳಗೆ ಬಂದು ರ್‍ಯಾಮಿನ ಪಟ್ಟಿಯನ್ನು ಕೀಳಿಸಿದರು. ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿಸಿ, ಮತ್ತೆ ಹಾಕಿಸಿದರು. ಹೀಗೆ ಮಾಡಿದರೆ ಅರ್ಧ ಕಂಪ್ಯೂಟರುಗಳು ಸರಿಹೋಗುತ್ತವೆ ಎಂದು ಅವರ ನಂಬಿಕೆ. ಅವತ್ತು ಸಂಜೆಯವರೆಗೂ ಅದು ಚೆನ್ನಾಗಿ ನಡೆಯಿತು. ಅವರು ಖುಷಿಯಲ್ಲಿ, ನಿನ್ನನ್ನು ಅಂಗಡಿಗೆ ಮೆಕ್ಯಾನಿಕ್ ಆಗಿ ಇಟ್ಟುಕೊಳ್ಳಬೇಕಾಗಿತ್ತು ಎಂದೆಲ್ಲ ತಮಾಷೆ ಬರೆದರು. ಮಾರನೆಯ ದಿನ ಮಧ್ಯಾಹ್ನ ಅವರ ಅಣ್ಣ ಬಂದರು.

ಭಾವ ಕೊತ್ತಗೆರೆಯಲ್ಲಿ ತೋಟ ನೋಡಿಕೊಂಡಿದ್ದವರು. ಇವರಿಗಿಂತ ಬಹಳ ದೊಡ್ಡವರು, ಅಪ್ಪ ಹೋದ ಮೇಲೆ ಇವರನ್ನು ಓದಿಸಿದವರು. ಅವರ ಮಗಳ ಮದುವೆ ಗೊತ್ತಾಗಿತ್ತು, ಕುಣಿಗಲ್ಲಿನ ಛತ್ರದಲ್ಲಿ. ಆ ಹುಡುಗಿಯ ನಾಮಕರಣದ ಕಾರ್ಡಿನಿಂದ ಹಿಡಿದು ಆ ಮನೆಯ ಎಲ್ಲ ಕಾರ್ಡುಗಳನ್ನೂ ಮಾಡಿದ್ದು ಇವರೇ. ಮದುವೆ ಪತ್ರಿಕೆಯನ್ನೂ ನಾನೇ ಮಾಡುತ್ತೇನೆ ಎಂದು ಇವರು ಮೊದಲೇ ನನ್ನ ಕೈಯಲ್ಲಿ ಫೋನಿನಲ್ಲಿ ಹೇಳಿಸಿದ್ದರು. ಭಾವ ವಿವರ ಕೊಡಲು ಬಂದಿದ್ದಾರೆ ಅಂದುಕೊಂಡು, ಕಂಪ್ಯೂಟರ್ ಹಾಕಿಕೊಂಡು ತಯಾರಾಗಿ ಕೂತರು.

ಭಾವ ಕಾಫಿ ಕುಡಿದು ಲೋಟ ಕೆಳಗಿಟ್ಟರು. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮಡಚಿದರು, ಮತ್ತೆ ಬಿಚ್ಚಿದರು.

"ಕಾರ್ಡು ಕುಣಿಗಲ್‌ನಲ್ಲೇ ಮಾಡ್ಸಿಬುಟ್ಟೆ ಕಣ್ಲಾ. ನಿನ್ಗ್ಯಾಕೆ ಈ ಸ್ಥಿತೀಲಿ ತೊಂದ್ರೆ ಅಂತ."

ಇವರು ತಲೆಯಾಡಿಸಿದರು. ಪರವಾಗಿಲ್ಲ ಅನ್ನುವ ಹಾಗೆ.

"ಮದ್ವೆಗೂ ಅಷ್ಟೇಯ. ಛತ್ರ ಅಂದ್ರೆ ಧೂಳು, ಹೊಗೆ, ಜನ. ಬಸ್ನಲ್ಲಿ ಬೇರೆ ಬರ್ಬೇಕು. ಬರ್ಲೇಬೇಕು ಅಂತೇನಿಲ್ಲ. ಮನೇಲೇ ಕೂತು ಹರಸುದ್ರೂ ಆಯ್ತದೆ. ಮಗೀಗೂ ಗೊತ್ತಾಯ್ತದೆ ಬುಡು."

ಅವರು ಇಷ್ಟು ಹೇಳುವಾಗ ಇವರ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಇವರು ಕೀಬೋರ್ಡನ್ನು ಹತ್ತಿರ ಎಳೆದುಕೊಂಡರು. ಆ ದಿನ ಬೆರಳುಗಳು ಜೋರಾಗಿ ಬೀಳುತ್ತಿದ್ದವು. ಭಾವ ಕನ್ನಡಕ ಸರಿಮಾಡಿಕೊಂಡು, ಅಕ್ಷರ ಮೂಡಿದ ಹಾಗೆಲ್ಲ ಗಟ್ಟಿಯಾಗಿ ಓದುತ್ತಾ ಹೋದರು.

"ಅಣ್ಣ, ಮದುವೆಗೆ ನಾನು ಬರೋದು ನಿನಗೆ ಇಷ್ಟ ಇಲ್ಲ ಅಂತ..."

ಸ್ಕ್ರೀನ್ ಕಪ್ಪಾಯಿತು.

ಇಂಗ್ಲಿಷಿನಲ್ಲಿ ಇಲ್ಲ ಅನ್ನುವುದು ಮೊದಲೇ ಬಂದುಬಿಡುತ್ತದಂತೆ. ನಮ್ಮ ಮಾತಿನಲ್ಲಿ ಅದು ಕೊನೆಗೆ ಬರುತ್ತದೆ. ಅಲ್ಲಿಯವರೆಗೂ ಕೇಳುವವನು ಕಾಯಬೇಕು. ಭಾವ ಕಾಯಲಿಲ್ಲ. ಕಪ್ಪು ಸ್ಕ್ರೀನನ್ನು ಒಮ್ಮೆ ನೋಡಿ, "ಹಂಗಾ" ಎಂದು ಎದ್ದುಬಿಟ್ಟರು.

"ಭಾವ, ಅದು ಕೆಟ್ಟೋಗಿದೆ, ತಡೀರಿ, ಅವ್ರು ಇನ್ನೂ ಹೇಳೋದೈತೆ" ಅಂದೆ.

"ಹೇಳಿದ್ದಾಯ್ತಲ್ಲವ್ವ" ಎಂದು ಚಪ್ಪಲಿ ಮೆಟ್ಟಿಕೊಂಡರು.

ಇವರು ಎದ್ದು ಬಾಗಿಲಿಗೆ ಓಡಿದರು. ಕೂಗಲು ಬಾಯಿ ತೆರೆದರು. ಏನೂ ಬರಲಿಲ್ಲ. ಹೊಸ್ತಿಲಿನ ಕಬ್ಬಿಣದ ಗೇಟನ್ನು ಕೈಯಿಂದ ಬಡಿದರು. ಭಾವ ತಿರುಗಿ ನೋಡಲಿಲ್ಲ. ನಾನು ಹಿಂದೆಯೇ ಹೈವೇವರೆಗೂ ಹೋದೆ. ಅಷ್ಟರಲ್ಲಿ ಅವರು ಬಸ್ಸು ಹತ್ತಿದ್ದರು. ವಾಪಸ್ಸು ಬಂದಾಗ ಕಂಪ್ಯೂಟರು ಎದ್ದು ಕೂತಿತ್ತು. ಇವರು ಪೂರ್ತಿ ವಾಕ್ಯವನ್ನು ಟೈಪ್ ಮಾಡಿ ಖಾಲಿ ಕುರ್ಚಿಯ ಕಡೆಗೆ ಮಾನಿಟರು ತಿರುಗಿಸಿಟ್ಟಿದ್ದರು. 'ಅಣ್ಣ, ಮದುವೆಗೆ ನಾನು ಬರೋದು ನಿನಗೆ ಇಷ್ಟ ಇಲ್ಲ ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ.'

ಸಂಜೆ ನಾನು ಫೋನ್ ಮಾಡಿ ಅದನ್ನು ಭಾವನಿಗೆ ಓದಿ ಹೇಳಿದೆ. "ನೀನು ಒಳ್ಳೇವ್ಳು ಕಣವ್ವ, ನೀನಾಗೇ ಸೇರ್ಸಿ ಹೇಳ್ತಿದೀಯ. ಅವ್ನು ಬರ್ದಿದ್ದು ನನ್ ಕಣ್ಣಾರೆ ಓದಿದೀನಿ. ಬುಡು" ಎಂದು ಇಟ್ಟುಬಿಟ್ಟರು. ಫೋಟೋ ಕಳಿಸೋಣವೆಂದರೆ ಅವರದು ಬಟನ್ ಫೋನು. ಮಗಳ ಮೊಬೈಲಿಗೆ ಕಳಿಸಿ ತೋರಿಸಲು ಹೇಳುತ್ತೇನೆ ಅಂದೆ. ಇವರು ಕೈ ಅಡ್ಡ ಹಿಡಿದರು. 'ಹಸೆ ಏರುವ ಹುಡುಗಿಯ ತಲೆಗೆ ಇದನ್ನು ತುಂಬಬೇಡ' ಎಂದು ಬರೆದರು.

ಆಮೇಲೆ ಅವರಿಗೆ ಆ ಯಂತ್ರ ಸರಿಮಾಡುವುದೊಂದೇ ಧ್ಯಾನವಾಯಿತು. ಗುಬ್ಬಿಯಲ್ಲಿ ಅವರ ಅಂಗಡಿಯ ಪಕ್ಕದಲ್ಲೇ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವನೊಬ್ಬನಿದ್ದ. ಡಬ್ಬವನ್ನು ಹಾಸುವ ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಹೋದೆವು. ಇವರ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಿದ್ದರು. ಇವರು ಅತ್ತ ನೋಡದೆ ನಡೆದರು. ರಿಪೇರಿಯವನು ಒಳ್ಳೆಯವನೇ. ಮೊದಲು ದಿನಾ ಇವರ ಜೊತೆ ಟೀ ಕುಡಿಯುತ್ತಿದ್ದವನು. ಆದರೆ ಅವತ್ತು ಅವನ ಕಣ್ಣು ಕತ್ತಿನ ಬಟ್ಟೆಯ ಮೇಲೆ ಬಿದ್ದು ಹಾರಿ, ಮತ್ತೆ ಅಲ್ಲೇ ಬೀಳುತ್ತಿತ್ತು. ಇವರ ಕಿವಿಗೆ ಏನೂ ಆಗಿರಲಿಲ್ಲ, ಆದರೂ ಕಿರುಚಿ ಮಾತಾಡಿದ. "ಅಣ್ಣಾ! ಹುಷಾರಾ! ಊಟ ಮಾಡ್ತೀರಾ!" ಆಪರೇಷನ್ ಆದ ಮೇಲೆ ಎಲ್ಲರೂ ಇವರ ಜೊತೆ ಹೀಗೇ ಕಿರುಚುತ್ತಿದ್ದರು.

ಅವನ ಸಿಮೆಂಟ್ ಕಟ್ಟೆಯ ಮೇಲೆ ಕಂಪ್ಯೂಟರು ಮಧ್ಯಾಹ್ನವೆಲ್ಲ ನಡೆಯಿತು. ಒಂದು ಸಲವೂ ಆಫ್ ಆಗಲಿಲ್ಲ.

"ಏನೂ ಇಲ್ಲ ಅಕ್ಕಾ, ಚೆನ್ನಾಗೇ ಓಡ್ತೈತೆ" ಅಂದ ನನಗೆ. "ಯಾವ್ದುಕ್ಕೂ ಎಸ್.ಎಂ.ಪಿ.ಎಸ್. ಚೇಂಜ್ ಮಾಡಿದೀನಿ. ಕರೆಂಟು ಹಂಚೋದು ಅದೇಯ. ಅದಾದ್ಮೇಲೂ ಹಿಂಗೇ ಆದ್ರೆ ಮದರ್‌ಬೋರ್ಡು ಹೋದಂಗೆ. ಈ ಹಳೇದಕ್ಕೆ ಈಗ ಎಲ್ಲೂ ಸಿಗಲ್ಲ, ಎಸೆದುಬುಡಿ."

ಎಸೆದುಬಿಡಿ ಅಂದಾಗ ಇವರು ಬೆಡ್‌ಶೀಟಿನ ಗಂಟು ಬಿಗಿಯತೊಡಗಿದರು.

ಮನೆಗೆ ತಂದು ಟೇಬಲ್ಲಿನ ಮೇಲಿಟ್ಟೆವು. ರಾತ್ರಿಯಾಗುವುದರೊಳಗೆ ಮತ್ತೆ ಆಫ್ ಆಯಿತು.

ಅಲ್ಲಿಂದ ಮುಂದೆ ಅವರ ಕನ್ನಡವೇ ಬದಲಾಯಿತು. ಮೊದಮೊದಲು ನನಗೆ ಗೊತ್ತಾಗಲಿಲ್ಲ. ಊಟಕ್ಕೆ ಕರೆದಾಗ 'ಬೇಡ ಈಗ ಊಟ' ಎಂದು ಬರೆದರು. ಅನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆಯಾ ಎಂದು ಕೇಳಿದರೆ 'ಇಲ್ಲ ಸಿಕ್ಕಿಕೊಂಡು.' ಕಪ್ಪಾಗುವುದರೊಳಗೆ ಮುಖ್ಯವಾದದ್ದು ಹೇಳಿಬಿಡಬೇಕೆಂದು ಕೊನೆಯಲ್ಲಿ ಬರಬೇಕಾದ ಮಾತನ್ನೆಲ್ಲ ಮೊದಲಿಗೆ ತಂದಿಟ್ಟುಕೊಂಡಿದ್ದರು. ಒಂದು ಒತ್ತಕ್ಷರ ತಪ್ಪಾದರೆ ಛಾಪಿಸಿದ ಕಾರ್ಡುಗಳನ್ನೇ ವಾಪಸ್ಸು ತೆಗೆದುಕೊಳ್ಳುತ್ತಿದ್ದ ಮನುಷ್ಯ. ಆ ಮುರಿದ ವಾಕ್ಯಗಳನ್ನು ಓದುವಾಗ ನನಗೆ ಆಪರೇಷನ್ ಆದ ದಿನಕ್ಕಿಂತ ಹೆಚ್ಚು ಸಂಕಟವಾಗುತ್ತಿತ್ತು. ಆಮೇಲಾಮೇಲೆ ಅಷ್ಟೂ ಬರೆಯದೆ ಬೇಡ, ಬೇಕು, ಸರಿ ಇಷ್ಟರಲ್ಲೇ ದಿನ ಕಳೆಯತೊಡಗಿದರು. ಸುಮ್ಮನೆ ಕಿಟಕಿಯಲ್ಲಿ ಕೂರುತ್ತಿದ್ದರು. ಹೈವೇಯಲ್ಲಿ ಲಾರಿಗಳು ಹೋಗುವುದನ್ನು ನೋಡುತ್ತಿದ್ದರು.

ಅದೇ ದಿನಗಳಲ್ಲಿ ನಾನು ಅವರ ಕತ್ತಿನ ಬಟ್ಟೆ ಬದಲಾಯಿಸುವಾಗ ಕಿವಿಯ ಕೆಳಗೆ ಬೆರಳಿಗೆ ಏನೋ ತಾಕಿತು. ಹುಣಸೆ ಬೀಜದಷ್ಟು ದಪ್ಪದ ಗಂಟು. ಅವರಿಗೆ ಅದು ಮೊದಲೇ ಗೊತ್ತಿತ್ತು ಎನ್ನುವುದು ಅವರು ನನ್ನ ಕೈಯನ್ನು ತಕ್ಷಣ ಸರಿಸಿದ ರೀತಿಯಲ್ಲೇ ತಿಳಿಯಿತು.

"ನಾಳೇನೇ ಬೆಂಗಳೂರಿಗೆ ಹೋಗೋಣ" ಅಂದೆ.

'ಬೇಡ.'

"ಯಾಕೆ ಬೇಡ? ಆಗ ಸಿರಪ್ ಕುಡ್ಕೊಂಡು ಕೂತಿದ್ದು ಸಾಲ್ದಾ?"

'ಬೇಡ' ಎಂದು ಮತ್ತೆ ಬರೆದರು. ಅದರ ಕೆಳಗೆ ಇನ್ನೊಂದು ಬೇಡ.

ನನಗೆ ಎಲ್ಲಿಂದಲೋ ರೋಷ ಬಂತು. ಅವರಿಗೆಂದು ತಂದಿದ್ದ ಗಂಜಿಯ ತಟ್ಟೆಯನ್ನು ಟೇಬಲ್ಲಿನ ಮೇಲೆ ಕುಕ್ಕಿದೆ. ಗಂಜಿ ಚೆಲ್ಲಿತು. ಸ್ಕ್ರೀನ್ ಕಪ್ಪಾಯಿತು.

ಇಬ್ಬರೂ ಅದನ್ನೇ ನೋಡಿದೆವು. ಅವರು ನನ್ನ ಮುಖ ನೋಡಿದರು, ತಟ್ಟೆ ನೋಡಿದರು. ಕಂಪ್ಯೂಟರು ಮತ್ತೆ ಎದ್ದು ಕೂರುವವರೆಗೆ ಅಲುಗದೆ ಕಾದರು. ಎದ್ದ ಮೇಲೆ ಎಡಗೈ ಮುಷ್ಟಿ ಮಾಡಿ ಟೇಬಲ್ಲಿಗೆ ಒಂದು ಗುದ್ದು ಹಾಕಿದರು. ಸ್ಕ್ರೀನ್ ಮತ್ತೆ ಕಪ್ಪಾಯಿತು.

ಕತ್ತಿನ ಬಟ್ಟೆ ಜೋರಾಗಿ ಹಾರಾಡತೊಡಗಿತು. ಉಸಿರು ಕಟ್ಟಿತೇನೋ ಎಂದು ನಾನು ಹೆದರಿ ಹತ್ತಿರ ಹೋದರೆ, ಅವರು ನಗುತ್ತಿದ್ದರು.

ಕರೆಂಟೂ ಅಲ್ಲ, ಮೋಟಾರೂ ಅಲ್ಲ, ಧೂಳೂ ಅಲ್ಲ. ಟೇಬಲ್ ಅಲುಗಿದಾಗ ಒಳಗೆ ಎಲ್ಲೋ ಏನೋ ಒಂದಕ್ಕೊಂದು ತಾಕುತ್ತಿತ್ತು. ಗುಬ್ಬಿಯ ಸಿಮೆಂಟ್ ಕಟ್ಟೆ ಅಲುಗಲಿಲ್ಲ, ಅದಕ್ಕೇ ಅಲ್ಲಿ ಏನೂ ಆಗಲಿಲ್ಲ. ನಾನು ಮೋಟಾರು ಬಿಟ್ಟು ಕಾಲಿನಲ್ಲಿ ತುಳಿದಾಗಲೂ ನೆಲ ಅದುರುತ್ತಿತ್ತು. ಮತ್ತೆ ಅವರು ಮನಸ್ಸು ಕಲಕಿ ಟೈಪ್ ಮಾಡುವಾಗ ಬೆರಳು ಜೋರಾಗಿ ಬೀಳುತ್ತಿತ್ತು. ಹೇಳಲೇಬೇಕಾದ ಮಾತು ಇದ್ದಾಗಲೇ ಅದು ಯಾಕೆ ಕೈಕೊಡುತ್ತಿತ್ತು ಎನ್ನುವುದು ಆಗ ಅರ್ಥವಾಯಿತು.

ಮತ್ತೆ ಡಬ್ಬ ಬಿಚ್ಚಿದೆ. ಒಂದು ವೈರನ್ನು ಅಲುಗಿಸುವುದು, ಟೇಬಲ್ಲಿಗೆ ಗುದ್ದುವುದು, ಕಾಯುವುದು. ಹೀಗೆ ಒಂದೊಂದನ್ನೇ ನೋಡುತ್ತಾ ಹೋದೆವು. ಮುಂಭಾಗದ ರಿಸೆಟ್ ಬಟನ್ನಿನಿಂದ ಮದರ್‌ಬೋರ್ಡಿಗೆ ಎರಡು ಎಳೆಯ ಒಂದು ತೆಳು ವೈರು ಹೋಗಿತ್ತು. ಸಾಗಿಸುವಾಗಲೋ ಏನೋ ಅದು ತಗಡಿನ ಅಂಚಿಗೆ ಸಿಕ್ಕಿ, ಮೇಲಿನ ಪ್ಲಾಸ್ಟಿಕ್ ಸವೆದು, ಒಳಗಿನ ತಾಮ್ರ ಇಣುಕುತ್ತಿತ್ತು. ಅಲುಗಿದಾಗೆಲ್ಲ ಎರಡು ಎಳೆ ಸೇರಿ, ಯಾರೋ ರಿಸೆಟ್ ಒತ್ತಿದ ಹಾಗೆ ಆಗುತ್ತಿತ್ತು. ಆ ಬಟನ್ನನ್ನು ನಾವು ಎಂದೂ ಉಪಯೋಗಿಸಿದವರಲ್ಲ. ಅವರು ಬೆರಳಿಂದ ತೋರಿಸಿದರು, ನಾನು ಆ ವೈರನ್ನು ಕಿತ್ತೆ. ಆಮೇಲೆ ಇಬ್ಬರೂ ಸರದಿಯಲ್ಲಿ ಟೇಬಲ್ಲಿಗೆ ಗುದ್ದಿದೆವು. ಗಂಜಿಯ ತಟ್ಟೆ ಕುಣಿಯಿತು. ಸ್ಕ್ರೀನ್ ಆರಲಿಲ್ಲ.

ಅವತ್ತು ಅವರು ಎಡೆಬಿಡದೆ ಮಾತಾಡಿದರು. ಉದ್ದುದ್ದ ವಾಕ್ಯಗಳು, ಕ್ರಿಯಾಪದಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ. ಗುಬ್ಬಿಯ ಗಿರಾಕಿಗಳ ಕಥೆ, ಚಿಕ್ಕಂದಿನಲ್ಲಿ ಅಣ್ಣ ಕುಣಿಗಲ್ ಕೆರೆಯ ಏರಿಯ ಮೇಲೆ ಸೈಕಲ್ ಕಲಿಸಿದ್ದು, ಏನೇನೋ. ಅದರ ನಡುವೆ, ಗಂಟಿನ ವಿಷಯಕ್ಕೆ ಮದುವೆ ಮುಗಿದ ಮೇಲೆ ಬೆಂಗಳೂರಿಗೆ ಹೋಗೋಣ, ಅದಕ್ಕೆ ಮುಂಚೆ ಹೋಗಿ ಏನಾದರೂ ಹೇಳಿಬಿಟ್ಟರೆ ಮದುವೆ ಮನೆಗೆ ಸುದ್ದಿ ಹೋಗುತ್ತದೆ, ಅದಕ್ಕೇ ಬೇಡ ಅಂದಿದ್ದು ಎಂದು ಬರೆದರು. ಮುರಿದ ಕನ್ನಡದಲ್ಲಿ ಇಷ್ಟು ದಿನ ಅದು ಬರೀ ಬೇಡ ಆಗಿತ್ತು. ನಾನು ಒಪ್ಪಬಾರದಾಗಿತ್ತೇನೋ, ಗೊತ್ತಿಲ್ಲ. ಅವತ್ತಿನ ಅವರ ಮುಖ ನೋಡಿ ಒಪ್ಪಿದೆ.

ಮದುವೆಯ ಪತ್ರಿಕೆ ನೆಂಟರೊಬ್ಬರ ಕೈಯಲ್ಲಿ ಬಂತು. ಇವರು ಅದನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಎರಡು ಕಡೆ ಒತ್ತಕ್ಷರ ಬಿಟ್ಟುಹೋಗಿದ್ದವು. ಪತ್ರಿಕೆಯನ್ನು ಮಡಚಿಟ್ಟರು. ನೀನು ಹೋಗಿ ಬಾ, ಯಾರೂ ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ನನ್ನನ್ನು ಕಳಿಸಿದರು. ಕುಣಿಗಲ್ಲಿನ ಛತ್ರದಲ್ಲಿ ಮದುಮಗಳು ನನ್ನ ಕೈ ಹಿಡಿದು, "ಚಿಕ್ಕಪ್ಪ ಎಲ್ಲಿ ಚಿಕ್ಕಮ್ಮ?" ಅಂದಳು. ಸುಸ್ತು, ಮಲಗಿದ್ದಾರೆ ಅಂದೆ. ಭಾವ ಊಟದ ಪಂಕ್ತಿಯಲ್ಲಿ ಓಡಾಡುತ್ತಿದ್ದವರು ನನ್ನ ಎಲೆಯ ಹತ್ತಿರ ಬಂದು ನಿಂತರು. "ಉಣ್ಣವ್ವ" ಎಂದಷ್ಟೇ ಹೇಳಿ ಮುಂದೆ ಹೋದರು.

ಮದುವೆ ಗದ್ದಲವೆಲ್ಲ ಮುಗಿದ ಮೇಲೆ ಒಂದು ದಿನ ಹೇಳದೆ ಕೇಳದೆ ಬಂದರು. ಒಂದು ಚೀಲ ತೆಂಗಿನಕಾಯಿ, ಮದುವೆ ಮನೆಯ ಲಾಡು. ಅದೇ ಕುರ್ಚಿಯಲ್ಲಿ ಕೂತರು. ಅಷ್ಟರಲ್ಲಿ ನಾವು ಬೆಂಗಳೂರಿಗೆ ಹೋಗಿ ಬಂದಾಗಿತ್ತು. ಕಾಯಿಲೆ ತಿರುಗಿ ಬಂದಿದೆ, ಇನ್ನೊಂದು ಆಪರೇಷನ್ ತಾಳುವ ದೇಹ ಅಲ್ಲ ಎಂದಿದ್ದರು. ಭಾವನಿಗೆ ನಾನು ಅದನ್ನು ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು.

ಇವರು ಕೀಬೋರ್ಡ್ ಎಳೆದುಕೊಂಡು ಆ ವಾಕ್ಯವನ್ನು ಮೊದಲಿನಿಂದ ಕೊನೆಯವರೆಗೆ ಬರೆದರು. ಕೆಳಗೆ, 'ಅವತ್ತು ಹೇಳೋಕೆ ಹೊರಟಿದ್ದು ಇದು, ಅರ್ಧಕ್ಕೆ ನಿಂತುಹೋಯಿತು' ಎಂದು ಸೇರಿಸಿದರು. ಭಾವ ಈ ಸಲ ಗಟ್ಟಿಯಾಗಿ ಓದಲಿಲ್ಲ. ತುಟಿ ಅಲುಗಿಸುತ್ತಾ ಓದಿದರು. ಓದಿ ಮುಗಿದ ಮೇಲೂ ಸ್ಕ್ರೀನನ್ನೇ ನೋಡುತ್ತಿದ್ದರು.

"ಅದ್ನ ಅಳಿಸ್ಬುಡ್ಲಾ" ಅಂದರು. "ಮೊದ್ಲು ಅರ್ಧ ಬರ್ದಿದ್ಯಲ್ಲ, ಅದೇ ಸರಿಯಾಗಿತ್ತು."

ಇವರು ಕತ್ತೆತ್ತಿ ನೋಡಿದರು.

"ನಂಗೆ ಇಷ್ಟ ಇರ್ಲಿಲ್ಲ ಕಣ್ಲಾ, ನೀನು ಬರೋದು. ಗಂಡಿನ ಕಡೆಯೋರು ನಿನ್ ಕತ್ತು ನೋಡಿ ಏನಂದಾರೋ, ಈ ಕಾಯ್ಲೆ ಮನೆತನದಲ್ಲೇ ಐತೆ ಅಂದ್ಕಂಡ್ರೆ ಮಗೀನ ಗತಿ ಏನು ಅಂತ ಹೆದ್ರುಕೊಂಡೆ. ಅದ್ನ ಹೇಳಾಕೆ ಬಾಯಿ ಬರ್ದೆ ಧೂಳು, ಬಸ್ಸು ಅಂತೆಲ್ಲ ಸುಳ್ಳು ಹೇಳ್ದೆ. ನೀನು ಅದ್ನೇ ಬರ್ದು ತೋರ್ಸಿಬುಟ್ಟೆ. ಸಿಕ್ಕಾಕೊಂಡೆ ಅನ್ನುಸ್ತು. ಅದಕ್ಕೇ ಎದ್ದೋದೆ. ನಿನ್ ಮೇಲೆ ಸಿಟ್ಟು ಬಂದು ಅಲ್ಲ."

ಇವರು ಕೀಬೋರ್ಡಿನ ಮೇಲೆ ಬೆರಳಿಟ್ಟರು. ಆಮೇಲೆ ಆ ವಾಕ್ಯವನ್ನು ಒಂದೊಂದೇ ಅಕ್ಷರವಾಗಿ ಅಳಿಸಿದರು. ಖಾಲಿಯಾದ ಜಾಗದಲ್ಲಿ 'ಗೊತ್ತಿತ್ತು' ಎಂದು ಬರೆದರು. ಆಮೇಲೆ, 'ಸುಳ್ಳು ಹೇಳೋಕೆ ನೀನು ಕಷ್ಟಪಡುತ್ತಿದ್ದೆ. ಸ್ವಲ್ಪ ಸಹಾಯ ಮಾಡೋಣ ಅಂತ ಆ ಮಾತು ಶುರು ಮಾಡಿದೆ.'

ಭಾವ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಇವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಅಣ್ಣನ ಮಂಡಿಯ ಮೇಲೆ ಕೈಯಿಟ್ಟರು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಅವರಿಬ್ಬರೂ ಒಂದೇ ಮನೆಯಲ್ಲಿ ಬೆಳೆದವರು, ಒಬ್ಬರನ್ನೊಬ್ಬರು ಕ್ಷಮಿಸುವುದು ಅವರಿಗೆ ಅಭ್ಯಾಸವಿರಬಹುದು. ಮದುವೆಯ ದಿನ ಬಿಳಿ ಶರ್ಟು ಇಸ್ತ್ರಿ ಮಾಡಿಸಿಟ್ಟುಕೊಂಡು, ಹಾಕಿಕೊಳ್ಳದೆ, ನಾನು ಹೊರಡುವುದನ್ನು ನೋಡುತ್ತಾ ಕೂತಿದ್ದ ಇವರ ಮುಖ ನನ್ನ ಕಣ್ಣ ಮುಂದಿತ್ತು. ಲಾಡುಗಳನ್ನು ಡಬ್ಬಕ್ಕೆ ಹಾಕಿ ಅಡುಗೆಮನೆಯಲ್ಲೇ ನಿಂತುಕೊಂಡೆ.

ಆಮೇಲೆ ಭಾವ ವಾರಕ್ಕೊಮ್ಮೆಯಾದರೂ ಬರುತ್ತಿದ್ದರು. ಎಳನೀರು ಕೊಚ್ಚಿ ಲೋಟಕ್ಕೆ ಬಗ್ಗಿಸಿಕೊಡುತ್ತಿದ್ದರು. ತೋಟದ ವಿಷಯಕ್ಕೆ ಇಬ್ಬರೂ ಜಗಳವಾಡುತ್ತಿದ್ದರು, ಒಬ್ಬರು ಬಾಯಲ್ಲಿ, ಒಬ್ಬರು ಬೆರಳಲ್ಲಿ. ಅದು ಹೆಚ್ಚು ದಿನ ನಡೆಯಲಿಲ್ಲ. ಇವರು ಕೂರಲಾರದೆ ಹೋದಾಗ ಮಂಚವನ್ನೇ ಟೇಬಲ್ಲಿನ ಹತ್ತಿರ ಎಳೆದು, ಕೀಬೋರ್ಡನ್ನು ದಿಂಬಿನ ಮೇಲೆ ಇಟ್ಟುಕೊಟ್ಟೆ. ಕೆಲವು ದಿನ ಬರೆದರು. ಆಮೇಲೆ ನೋವಿನ ಔಷಧಿಯಿಂದ ಬೆರಳು ಒಂದು ಕೀಲಿಗೆ ಹೋದರೆ ಇನ್ನೊಂದಕ್ಕೆ ಬೀಳುತ್ತಿತ್ತು. ಸ್ಕ್ರೀನಿನ ಮೇಲೆ ಮೂಡಿದ್ದು ಯಾವ ಭಾಷೆಯೂ ಅಲ್ಲ. ಅವರು ಅದನ್ನು ಓದಿದರು. ಕೀಬೋರ್ಡನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದರು. ಮತ್ತೆ ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ನಾನು ಮುಖ ತೊಳೆಸಲು ಬಿಸಿನೀರು ತಂದಾಗ ಕತ್ತಿನ ಬಟ್ಟೆ ಅಲುಗುತ್ತಿರಲಿಲ್ಲ. ಪಾತ್ರೆ ಹಿಡಿದುಕೊಂಡು ಅದು ಅಲುಗೀತೇ ಎಂದು ಕಾದೆ. ನೀರು ಆರಿದ ಮೇಲೆ ಭಾವನಿಗೆ ಫೋನ್ ಮಾಡಿದೆ. ಕೊತ್ತಗೆರೆಯ ತೋಟದಲ್ಲಿ, ಅವರ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದರು.

ಕಾರ್ಯವೆಲ್ಲ ಮುಗಿದ ಮೇಲೆ ಭಾವ ಬಟವಾಡಿಗೆ ಬಂದರು. ಕಾಫಿಗಿಟ್ಟೆ. ಅವರು ಕಂಪ್ಯೂಟರನ್ನು ನೋಡುತ್ತಾ ಕೇಳಿದರು, "ಅವ್ನು ಇಷ್ಟು ದಿನ ಇದ್ರಾಗೆ ಮಾತಾಡಿದ್ದೆಲ್ಲ ಒಳಗಿರ್ತದಾ ಅವ್ವ?"

"ಇರಲ್ಲ ಭಾವ. ಓದಿದ್ಮೇಲೆ ಅಳಿಸ್ಬಿಡ್ತಿದ್ರು. ಆ ಜಾಗದಲ್ಲೇ ಮುಂದಿನ್ದು ಬರೀತಿದ್ರು. ಉಳಿಸಿ ಇಡಿ ಅಂತ ನಾನೂ ಹೇಳ್ಲಿಲ್ಲ."

ನಂಬಿಕೆಯಾಗದೆ ಆನ್ ಮಾಡಿಸಿದರು. ಯಾವ ತಕರಾರೂ ಇಲ್ಲದೆ ಅದು ಎದ್ದು ಕೂತಿತು. ಒಳಗೆ ಗುಬ್ಬಿಯ ಅಂಗಡಿಯ ಕಾರ್ಡುಗಳಷ್ಟೇ ಇದ್ದವು. ಯಾರದೋ ಮದುವೆ, ಯಾರದೋ ಗೃಹಪ್ರವೇಶ, ಯಾರದೋ ತಿಥಿ. ನಾನು ಒಂದೊಂದಾಗಿ ತೆರೆದು ತೋರಿಸುತ್ತಾ ಹೋದೆ. ಭಾವ ಕನ್ನಡಕ ಹಾಕಿಕೊಂಡು, ಗೊತ್ತೇ ಇಲ್ಲದ ಜನರ ಹೆಸರುಗಳನ್ನು ಬಿಡದೆ ಓದಿದರು. ಕಾಫಿ ಆರಿಹೋಯಿತು.

"ಅಕ್ಷರ ಎಷ್ಟು ನೀಟಾಗವೆ ನೋಡು" ಅಂದರು. ಆಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು ಕುಣಿಗಲ್ ಬಸ್ಸಿಗೆ ಹೊರಟರು.